ಕತ್ರಿನ್, ಕ್ಯಾಥರಿನ್, ಕ್ಯಾರೆನ್: ಅಜ್ಜಿಯ ಹೆಸರು ಎಲ್ಲಿಂದ ಬಂತು?

ಪ್ರಶ್ನೆ: ನಮ್ಮಜ್ಜಿಯನ್ನು ಊರಲ್ಲೆಲ್ಲ ಕತ್ರಿನ್ ಬಾಯಿ ಅಂತ ಕರೆಯುತ್ತಿದ್ದರು. ಚರ್ಚಿನ ಹಳೇ ಪುಸ್ತಕದಲ್ಲಿ ಕತಾರಿನಾ ಅಂತಿದೆ. ರೇಷನ್ ಕಾರ್ಡಿನಲ್ಲಿ ಕ್ಯಾಥರಿನ್. ಈಗ ತಂಗಿಗೆ ಹೆಣ್ಣುಮಗುವಾಗಿದೆ. ಅಜ್ಜಿಯ ಹೆಸರೇ ಇಡಬೇಕೆಂದು ಅಮ್ಮನ ಆಸೆ. ತಂಗಿಗೆ ಅದು ಹಳೇ ಕಾಲದ್ದು ಅನ್ನಿಸುತ್ತದೆ. "ಕ್ಯಾರೆನ್ ಅಂತ ಇಡೋಣ, ಅದೂ ಅದೇ ಹೆಸರು" ಅನ್ನುತ್ತಾಳೆ. ನಿಜವೇ? ಈ ಹೆಸರಿಗೆ 'ಶುದ್ಧ' ಅಂತ ಅರ್ಥವಂತೆ. ಇನ್ನೊಂದು ಕಡೆ 'ಹಿಂಸೆ' ಅಂತ ಓದಿ ಭಯವಾಯಿತು. ಯಾವುದು ಸರಿ?

ಉತ್ತರ: ಮೊದಲು ಭಯ ಬಿಡಿ. 'ಹಿಂಸೆ' ಅನ್ನುವ ಅರ್ಥಕ್ಕೆ ಗಟ್ಟಿ ಆಧಾರವಿಲ್ಲ. ನಿಮ್ಮ ತಂಗಿ ಹೇಳಿದ್ದು ನಿಜ, ಕ್ಯಾರೆನ್ ಕೂಡ ಅದೇ ಹೆಸರಿನ ಒಂದು ರೂಪ. ಇನ್ನು 'ಶುದ್ಧ' ಅನ್ನುವುದು ಅರ್ಧ ನಿಜ. ಆ ಅರ್ಧ ಹೇಗೆ ಅಂತ ಹೇಳಲು ಸ್ವಲ್ಪ ದೂರ ಹೋಗಬೇಕಾಗುತ್ತದೆ.

ಗ್ರೀಕರು ಈ ಹೆಸರನ್ನು 'ಐಕಾತೆರೀನೆ' ಅಂತ ಬರೆಯುತ್ತಿದ್ದರು. ಈಗಲೂ ಹಾಗೇ ಬರೆಯುತ್ತಾರೆ, ಆದರೆ ಓದುವುದು 'ಎಕಾತೆರೀನಿ' ಅಂತ. ಮೊದಲಿನ 'ಐ' ಕಾಲ ಕಳೆದಂತೆ ಬಾಯಲ್ಲಿ 'ಎ' ಆಗಿಹೋಯಿತು. ಇದರ ಮೂಲ ಯಾವುದು ಅನ್ನುವುದರಲ್ಲಿ ಪಂಡಿತರಲ್ಲಿ ಇವತ್ತಿಗೂ ಒಮ್ಮತವಿಲ್ಲ. 'ಹೆಕಾತೆರೋಸ್' ಅನ್ನುವ ಪದದಿಂದ ಬಂತು ಅನ್ನುವುದು ಒಂದು ವಾದ. 'ಇಬ್ಬರಲ್ಲಿ ಒಬ್ಬೊಬ್ಬರೂ' ಅಂತ ಅದರ ಅರ್ಥ. ಹೆಕಾತೆ ಅನ್ನುವ ದೇವತೆಯ ಹೆಸರಿನಿಂದ ಬಂತು ಅನ್ನುವುದು ಇನ್ನೊಂದು. ಈ ಹೆಕಾತೆ ಮೂರು ದಾರಿ ಕೂಡುವ ಜಾಗದ ದೇವತೆ, ಮಾಟ ಮಂತ್ರದವಳು. ನಮ್ಮಲ್ಲಿ ಮೂರು ದಾರಿ ಕೂಡುವಲ್ಲಿ ಕೊಯ್ದ ನಿಂಬೆಹಣ್ಣು ಕಂಡರೆ ದಾಟದೆ ಸುತ್ತಿ ಹೋಗುತ್ತೇವಲ್ಲ, ಹೆಚ್ಚುಕಮ್ಮಿ ಅಂಥದ್ದೇ ಭಯಭಕ್ತಿ ಗ್ರೀಕರಿಗೂ ಇತ್ತು.

'ಹಿಂಸೆ' ಬಂದದ್ದು ಮೂರನೆಯ ವಾದದಿಂದ. ಗ್ರೀಕಿನಲ್ಲಿ 'ಐಕಿಯಾ' ಅಂತ ಒಂದು ಪದವಿದೆ. ಅವಮಾನ, ಕ್ರೂರವಾಗಿ ನಡೆಸಿಕೊಳ್ಳುವುದು ಅಂತ ಅರ್ಥ. ಶುರುವಿನ ಅಕ್ಷರಗಳು ಹೊಂದುತ್ತವೆ. ಜೊತೆಗೆ ಈ ಹೆಸರಿನ ಸಂತಳು ಚಿತ್ರಹಿಂಸೆ ಪಟ್ಟವಳು. ಯಾರೋ ಎರಡನ್ನೂ ಗಂಟು ಹಾಕಿದರು, ಅಷ್ಟೇ. ಹುಟ್ಟಿದ ಕೂಸಿಗೆ ಯಾವ ತಾಯಿ 'ಹಿಂಸೆ' ಅಂತ ಹೆಸರಿಡುತ್ತಾಳೆ ಹೇಳಿ. (ನಮ್ಮಲ್ಲಿ ಮಕ್ಕಳು ಉಳಿಯದಿದ್ದಾಗ ತಿಪ್ಪ ಅಂತ ಇಡುತ್ತಿದ್ದದ್ದು ಉಂಟು, ಒಪ್ಪುತ್ತೇನೆ. ಇಲ್ಲಿ ಅಂಥ ಕತೆಯೇನೂ ಸಿಗುವುದಿಲ್ಲ.)

ಈಗ 'ಶುದ್ಧ'ಕ್ಕೆ ಬರೋಣ. ಗ್ರೀಕಿನಲ್ಲಿ 'ಕಥಾರೋಸ್' ಅಂದರೆ ಶುದ್ಧ, ನಿರ್ಮಲ. ಕಾವ್ಯಮೀಮಾಂಸೆ ಓದಿದವರಿಗೆ 'ಕೆಥಾರ್ಸಿಸ್' ಗೊತ್ತಿರುತ್ತದೆ, ಅದೂ ಇದೇ ಮನೆಯ ಪದ. ಆದರೆ ಒಂದು ತೊಡಕಿದೆ. ಅದನ್ನು ಇಂಗ್ಲಿಷಿನವರಿಗಿಂತ ಕನ್ನಡದವರಿಗೆ ವಿವರಿಸುವುದು ಸುಲಭ. ಹಳೇ ಗ್ರೀಕಿನಲ್ಲಿ ನಮ್ಮ ಹಾಗೇ 'ತ' ಬೇರೆ, 'ಥ' ಬೇರೆ, ಎರಡಕ್ಕೂ ಬೇರೆ ಬೇರೆ ಅಕ್ಷರ. 'ಐಕಾತೆರೀನೆ'ಯಲ್ಲಿರುವುದು ತ. 'ಕಥಾರೋಸ್'ನಲ್ಲಿರುವುದು ಥ. ಅಂದರೆ ಒಂದರಿಂದ ಇನ್ನೊಂದು ಹುಟ್ಟಿಲ್ಲ.

ಹಾಗಾದರೆ 'ಥ' ಎಲ್ಲಿಂದ ಬಂತು? ಲ್ಯಾಟಿನ್ ಬರೆಯುವವರು ತಂದರು. ಹೆಸರು ಪಶ್ಚಿಮಕ್ಕೆ ಬಂದಾಗ ಅವರಿಗೆ ಅದರ ಮೂಲ ಗೊತ್ತಾಗಲಿಲ್ಲ. ಕಥಾರೋಸ್ ಗೊತ್ತಿತ್ತು. ಕನ್ಯೆ, ಸಂತಳು, ಹೆಸರಿಗೆ ಶುದ್ಧ ಅಂತ ಅರ್ಥ ಇದ್ದರೆ ಎಷ್ಟು ಚೆನ್ನ ಅಲ್ವಾ? ಕತೆರಿನಾ ಅಂತ ಇದ್ದದ್ದನ್ನು ಕಥಾರಿನಾ ಅಂತ ಬರೆದರು. ನಾವು 'ಕತೆ'ಯನ್ನು 'ಕಥೆ' ಅಂತ ತಿದ್ದಿದರೆ ಮೂಲದ ಹತ್ತಿರ ಹೋಗುತ್ತೇವೆ. ಅವರು ತಿದ್ದಿ ಮೂಲದಿಂದ ದೂರ ಹೋದರು. ಆದರೂ 'ಶುದ್ಧ' ಸುಳ್ಳು ಅಂತ ನಾನು ಹೇಳಲಾರೆ. ನೂರಾರು ವರ್ಷ ಜನ ಆ ಅರ್ಥ ನಂಬಿಯೇ ಮಕ್ಕಳಿಗೆ ಹೆಸರಿಟ್ಟಿದ್ದಾರೆ. ಸಾಕಿದ ತಾಯಿಯೂ ತಾಯಿಯೇ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಇದು ನಮ್ಮ ಕಾತ್ಯಾಯಿನಿಯಿಂದ ಹೋದ ಹೆಸರು ಅನ್ನುವ ಮಾತು ಆಗಾಗ ಕಿವಿಗೆ ಬೀಳುತ್ತದೆ. ರಷ್ಯದಲ್ಲಿ ಇದೇ ಹೆಸರನ್ನು ಚಿಕ್ಕದು ಮಾಡಿ 'ಕಾತ್ಯ' ಅನ್ನುತ್ತಾರೆ, ಅದನ್ನು ಕೇಳಿದರೆ ಯಾರಿಗಾದರೂ ಹಾಗೆ ಅನ್ನಿಸಬಹುದು. ಆದರೆ ಕಾತ್ಯಾಯಿನಿ ಬಂದದ್ದು ಕತ ಅನ್ನುವ ಋಷಿಯ ವಂಶದ ಹೆಸರಿನಿಂದ. ಎರಡಕ್ಕೂ ಸಂಬಂಧವಿಲ್ಲ.

ಅರ್ಥದ ಗೊಂದಲ ಇಷ್ಟಿದ್ದರೂ ಹೆಸರು ಇಷ್ಟು ದೇಶ ಸುತ್ತಿದ್ದು ಹೇಗೆ? ಅರ್ಥದಿಂದ ಅಲ್ಲವೇ ಅಲ್ಲ. ಒಬ್ಬಳ ಕತೆಯಿಂದ, ಮತ್ತು ಕ್ಯಾಲೆಂಡರಿನ ಒಂದು ತಾರೀಖಿನಿಂದ.

ಕತೆ ಅಲೆಕ್ಸಾಂಡ್ರಿಯಾದ ಸಂತ ಕ್ಯಾಥರಿನ್‌ಳದು. 4ನೇ ಶತಮಾನದ ಶುರುವಿನಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದವಳು ಅನ್ನುತ್ತದೆ ಐತಿಹ್ಯ. ದೊಡ್ಡ ಮನೆತನ, ತುಂಬ ಓದಿದವಳು. ಕ್ರೈಸ್ತರನ್ನು ಪೀಡಿಸುತ್ತಿದ್ದ ಚಕ್ರವರ್ತಿಯ ಎದುರು ನಿಂತು ವಾದಕ್ಕಿಳಿದಳು. ಅವನು 50 ಪಂಡಿತರನ್ನು ಕರೆಸಿದ. ಅವಳು ಐವತ್ತೂ ಜನರನ್ನು ಸೋಲಿಸಿದಳು. ಸಿಟ್ಟಿಗೆದ್ದ ಚಕ್ರವರ್ತಿ ಮುಳ್ಳಿನ ಚಕ್ರಕ್ಕೆ ಕಟ್ಟಿಸಿ ಕೊಲ್ಲಲು ನೋಡಿದ. ಚಕ್ರವೇ ಮುರಿದು ಚೂರಾಯಿತು. ಕೊನೆಗೆ ತಲೆ ಕಡಿಸಿದ. ದೇವದೂತರು ದೇಹವನ್ನು ಹೊತ್ತು ಸಿನಾಯ್ ಬೆಟ್ಟಕ್ಕೆ ಒಯ್ದರು.

ಇದು ಐತಿಹ್ಯ ಅಂತ ಮತ್ತೆ ಹೇಳುತ್ತೇನೆ. ಅವಳ ಕಾಲದ ಒಂದು ಬರಹದಲ್ಲೂ ಅವಳ ಸುದ್ದಿಯಿಲ್ಲ. ಅದೇ ಊರಿನಲ್ಲಿ 415ರಲ್ಲಿ ಹೈಪೇಶಿಯಾ ಅನ್ನುವ ಗಣಿತಜ್ಞೆಯನ್ನು ಕ್ರೈಸ್ತರ ಗುಂಪೊಂದು ಕೊಂದಿತ್ತು. ಆ ಪಂಡಿತೆಯ ನೆನಪೇ ತಿರುಗುಮುರುಗಾಗಿ ಈ ಕತೆಯಾಯಿತೇನೋ ಅಂತ ಅನುಮಾನಪಡುವ ವಿದ್ವಾಂಸರಿದ್ದಾರೆ. ಚರಿತ್ರೆಯ ಆಧಾರ ಇಲ್ಲವೆಂದು 1969ರಲ್ಲಿ ಕ್ಯಾಥೊಲಿಕ್ ಚರ್ಚು ತನ್ನ ಸಾಮಾನ್ಯ ಪಂಚಾಂಗದಿಂದ ಅವಳ ಹಬ್ಬವನ್ನೇ ತೆಗೆದಿತ್ತು. 2002ರಲ್ಲಿ ಮತ್ತೆ ಸೇರಿಸಿತು. ಹಬ್ಬದ ದಿನ ನವೆಂಬರ್ 25. ಈ ತಾರೀಖನ್ನು ಸ್ವಲ್ಪ ನೆನಪಿಡಿ, ಮುಂದೆ ಬೇಕಾಗುತ್ತದೆ.

ಸಿನಾಯ್ ಬೆಟ್ಟದ ಬುಡದಲ್ಲಿ 6ನೇ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿ ಕಟ್ಟಿಸಿದ ಮಠವಿದೆ. ಕಟ್ಟಿಸಿದಾಗ ಅದಕ್ಕೂ ಕ್ಯಾಥರಿನ್‌ಗೂ ಸಂಬಂಧವಿರಲಿಲ್ಲ. ನಂತರದ ಶತಮಾನಗಳಲ್ಲಿ ಅವಳ ಅಸ್ಥಿ ಅಲ್ಲಿದೆ ಅನ್ನುವ ನಂಬಿಕೆ ಬೆಳೆದು, ಮಠವೇ ಅವಳ ಹೆಸರಿನದಾಯಿತು. 11ನೇ ಶತಮಾನದ ಹೊತ್ತಿಗೆ ಫ್ರಾನ್ಸಿನ ರೂವಾಂ ಊರಿಗೂ ಅಸ್ಥಿಯ ತುಣುಕು ಬಂತು ಅನ್ನುವ ಸುದ್ದಿ ಹಬ್ಬಿತು. ಆಮೇಲೆ ಧರ್ಮಯುದ್ಧಕ್ಕೆ (ಕ್ರುಸೇಡ್) ಹೋಗಿ ಬಂದವರು ಕತೆಯನ್ನು ಯುರೋಪಿಗೆಲ್ಲ ಹರಡಿದರು. ನೂಲುವವರು, ಗಾಡಿಚಕ್ರ ಮಾಡುವವರು, ಹೀಗೆ ಚಕ್ರ ತಿರುಗಿಸುವವರೆಲ್ಲ ಅವಳನ್ನು ತಮ್ಮವಳು ಅಂದರು. ಪಂಡಿತರೂ ಅಂದರು, ಮದುವೆಯಾಗದ ಹುಡುಗಿಯರೂ ಅಂದರು. ಫ್ರಾನ್ಸಿನಲ್ಲಿ 25 ತುಂಬಿಯೂ ಮದುವೆಯಾಗದ ಹುಡುಗಿಯರು ನವೆಂಬರ್ 25ರಂದು ಹಸಿರು ಹಳದಿ ಟೋಪಿ ಹಾಕಿಕೊಳ್ಳುವ ಪದ್ಧತಿ ಇತ್ತು. ಅವರನ್ನು 'ಕತೆರಿನೆತ್' ಅಂತ ಕರೆಯುತ್ತಿದ್ದರು. ಫ್ರಾನ್ಸಿನ ವೀರಕನ್ಯೆ ಜೋನ್ ಆಫ್ ಆರ್ಕ್ ತನಗೆ ಕೇಳಿಸುತ್ತಿದೆ ಅಂದ ದನಿಗಳಲ್ಲಿ ಒಂದು ಇದೇ ಕ್ಯಾಥರಿನ್‌ಳದು.

ನೀವೂ ಈ ಸಂತಳ ಚಕ್ರವನ್ನು ನೋಡಿರುತ್ತೀರಿ. ದೀಪಾವಳಿಗೆ ಅಂಗಳದಲ್ಲಿ ಗಿರಗಿರ ತಿರುಗುವ ನೆಲಚಕ್ರ ಇದೆಯಲ್ಲ, ಅದರ ಅಕ್ಕನನ್ನು ಇಂಗ್ಲಿಷಿನಲ್ಲಿ 'ಕ್ಯಾಥರಿನ್ ವೀಲ್' ಅನ್ನುತ್ತಾರೆ. ಅವರದ್ದನ್ನು ಕಂಬಕ್ಕೆ ಮೊಳೆ ಹೊಡೆದು ತಿರುಗಿಸುತ್ತಾರೆ. ಕೊಲ್ಲುವ ಸಾಧನ ಮಕ್ಕಳ ಪಟಾಕಿಯಾಯಿತು.

ಈಗ ನಿಮ್ಮಜ್ಜಿಯ ಹತ್ತಿರ ಬರೋಣ. 1510ರಲ್ಲಿ ಗೋವಾ ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿತ್ತು. ಪೋರ್ಚುಗೀಸ್ ದಳಪತಿ ಅಲ್ಬುಕರ್ಕ್‌ನನ್ನು ಗೋವಾದ ಮೇಲೆ ಹೋಗು ಅಂತ ಹುರಿದುಂಬಿಸಿದವನು ಹೊನ್ನಾವರದ ಕಡೆಯ ತಿಮ್ಮೋಜ. ವರ್ಷದ ಶುರುವಿನಲ್ಲಿ ಗೆದ್ದರು, ಕೆಲವೇ ತಿಂಗಳಲ್ಲಿ ಕಳೆದುಕೊಂಡರು. ಮತ್ತೆ ಹಡಗು ಕಟ್ಟಿಕೊಂಡು ಬಂದು ಗೆದ್ದ ದಿನ ನವೆಂಬರ್ 25. ಸಂತ ಕ್ಯಾಥರಿನ್ ಹಬ್ಬ! ಗೆಲುವು ಅವಳ ಕೃಪೆ ಅಂದುಕೊಂಡ ಅಲ್ಬುಕರ್ಕ್ ಅವಳಿಗೊಂದು ಗುಡಿ ಕಟ್ಟಿಸಿದ. ಮುಂದೆ 1562ರಲ್ಲಿ ಶುರುವಾದ ದೊಡ್ಡ ಕೆಥೆಡ್ರಲ್ ಕೂಡ ಅವಳ ಹೆಸರಿನದೇ. ಹಳೇ ಗೋವಾಕ್ಕೆ ಪ್ರವಾಸ ಹೋದವರು 'ಸೆ ಕೆಥೆಡ್ರಲ್' ಅಂತ ನೋಡಿ ಬರುತ್ತಾರಲ್ಲ, ಅದೇ. ಎಲ್ಲರೂ ಎದುರಿನ ಬಸಿಲಿಕಾದಲ್ಲಿ ಸಂತ ಝೇವಿಯರ್‌ಗೆ ಕೈಮುಗಿದು, ಇಲ್ಲಿ ಎರಡು ನಿಮಿಷ ತಿರುಗಿ ಬಸ್ಸು ಹತ್ತುತ್ತಾರೆ. ಮುಂದಿನ ಸಲ ಹೋದರೆ ನೇರ ಒಳಗಿನ ದೊಡ್ಡ ಪೀಠದ ಹತ್ತಿರ ಹೋಗಿ. ಚಿನ್ನದ ಲೇಪದ ಮರದ ಕೆತ್ತನೆಯಲ್ಲಿ ನಿಮ್ಮಜ್ಜಿಯ ಸಂತಳ ಕತೆ ಇಡೀ ಇದೆ.

ಹೀಗೆ ಗೋವಾದಲ್ಲಿ ಕತಾರಿನಾ ಅನ್ನುವುದು ಊರ ಸಂತಳ ಹೆಸರಾಯಿತು. ಅಲ್ಲಿಂದ ಅಲೆಅಲೆಯಾಗಿ ದಕ್ಷಿಣಕ್ಕೆ ಬಂದ ಕೊಂಕಣಿ ಕ್ರೈಸ್ತರ ಜೊತೆ ಕೆನರಾ ಕರಾವಳಿಗೂ ಬಂತು. ಪೋರ್ಚುಗೀಸಿನಲ್ಲಿ ಈ ಹೆಸರು 'ಕತರೀನ'. ಅಲ್ಲಿ 'ಥ' ಇಲ್ಲ. ಕೊಂಕಣಿ ಬಾಯಿ ಪೋರ್ಚುಗೀಸ್ ಹೆಸರುಗಳನ್ನು ತನಗೆ ಬೇಕಾದ ಹಾಗೆ ಪಳಗಿಸಿಕೊಂಡಿತು. ಪೆದ್ರೊ ಪೆದ್ರು ಆದ, ಸೆಬಾಸ್ತಿಯಾಂವ್ ಬಸ್ತ್ಯಾಂವ್ ಆದ. ಕತರೀನ ನಡುವಿನ ಮತ್ತು ಕೊನೆಯ ಸ್ವರ ಬಿಟ್ಟು ಕತ್ರಿನ್ ಆದಳು.

ಇಲ್ಲೇ ನಾನು ನಿಮಗೆ ಮುಖ್ಯವಾಗಿ ಹೇಳಬೇಕೆಂದಿರುವುದು. ಕತ್ರಿನ್ ಅನ್ನುವುದನ್ನು ಹಳ್ಳಿಯವರು ಕೆಡಿಸಿದ ರೂಪ ಅಂದುಕೊಳ್ಳಬೇಡಿ. ರೇಷನ್ ಕಾರ್ಡಿನ 'ಕ್ಯಾಥರಿನ್' ಇದೆಯಲ್ಲ, ತಿದ್ದಿದ್ದು ಅದನ್ನು. ಗ್ರೀಕಿನ ಮೂಲದ 'ತ' ಉಳಿದಿರುವುದು ಅಜ್ಜಿಯನ್ನು ಕರೆಯುತ್ತಿದ್ದವರ ಬಾಯಲ್ಲಿ.

ಇಂಗ್ಲಿಷಿನವರ ಕತೆಯೂ ಅಷ್ಟೇ. ಅವರೂ ಹಿಂದೆ ಬರೆಯುವಾಗ 'ಥ' ಬರೆದರೂ ಅನ್ನುವಾಗ ಗಟ್ಟಿ 'ಟ' ಅನ್ನುತ್ತಿದ್ದರು. ಬರಹ ನೋಡಿ ನೋಡಿ ಬಾಯಿ ಆಮೇಲೆ ಬದಲಾಯಿತು. ಸಾಕ್ಷಿ ಬೇಕಾದರೆ ಮನೆಯ ಹೆಸರು ನೋಡಿ. ಕ್ಯಾಥರಿನ್ ಮನೆಯಲ್ಲಿ ಕೇಟ್, ಕಿಟ್ಟಿ. ಆಂಥೊನಿ ಮನೆಯಲ್ಲಿ ಟೋನಿ. ಎಲಿಜಬೆತ್ ಬೆಟ್ಟಿ. ಕಾಗದದ ಹೆಸರಲ್ಲಿ ಹೋದದ್ದು ಮುದ್ದಿನ ಹೆಸರಲ್ಲಿ ಕೂತಿದೆ. ಅಂದ ಹಾಗೆ ನಮ್ಮ ಕೃಷ್ಣನೂ ಕಿಟ್ಟಿ, ಅವರ ಕ್ಯಾಥರಿನ್‌ಳೂ ಕಿಟ್ಟಿ. ಬರೀ ಕಾಕತಾಳೀಯ, ಆದರೆ ನನಗೆ ಪ್ರತಿ ಸಲವೂ ನಗು ಬರುತ್ತದೆ.

ಬೇರೆ ದೇಶಗಳ ರೂಪಗಳು ನೂರಾರು. ಎಲ್ಲ ಬರೆದರೆ ಮತದಾರರ ಪಟ್ಟಿಯಾಗುತ್ತದೆ. ಮುಖ್ಯ ದಾರಿಗಳನ್ನು ಮಾತ್ರ ತೋರಿಸುತ್ತೇನೆ. ಮೂಲದಲ್ಲಿ ಒತ್ತು ಬೀಳುವುದು 'ರೀ' ಮೇಲೆ. ಒತ್ತಿಲ್ಲದ ಮೊದಲ ಸ್ವರ ಹೆಚ್ಚಿನ ಕಡೆ ಉದುರಿಹೋಯಿತು. ಗ್ರೀಸಿನಲ್ಲೇ ಕಾಗದಕ್ಕೆ ಎಕಾತೆರೀನಿ, ಮನೆಯಲ್ಲಿ ಕತೆರೀನಾ. ಮೊದಲ ಸ್ವರವನ್ನು ಬಿಡದೆ ಹಿಡಿದುಕೊಂಡವರು ಆರ್ಥಡಾಕ್ಸ್ (ಪೂರ್ವದ ಸಾಂಪ್ರದಾಯಿಕ) ಚರ್ಚಿನವರು: ರಷ್ಯದಲ್ಲಿ ಯೆಕತೆರೀನಾ, ಜಾರ್ಜಿಯದಲ್ಲಿ ಎಕತೆರಿನೆ. ಜಾರ್ಜಿಯದವರು ಬಾಲ ಕತ್ತರಿಸಿ ಬರೀ 'ಎಕಾ' ಅಂತಲೂ ಕರೆಯುತ್ತಾರೆ. ಅದೇ ಇಟಲಿಯಲ್ಲಿ ತಲೆ ಕತ್ತರಿಸಿ 'ರೀನಾ' ಅನ್ನುತ್ತಾರೆ. ಎಕಾ, ರೀನಾ ಎರಡರಲ್ಲೂ ಒಂದೇ ಒಂದು ಅಕ್ಷರ ಸಾಮಾನ್ಯವಿಲ್ಲ, ಆದರೂ ಒಂದೇ ಹೆಸರು.

ಕೆಲವು ಕಡೆ 'ರ' ಹೋಗಿ 'ಲ' ಬಂತು. ಸ್ಪೇನಿನಲ್ಲಿ ಕತಲೀನಾ, ಹಂಗೇರಿಯಲ್ಲಿ ಕತಲಿನ್. ಫ್ರೆಂಚಿನ 'ಲ' ಇರುವ ರೂಪ ಐರ್ಲೆಂಡಿಗೆ ಹೋಗಿ ಕಾಟ್ಲೀನ್ ಆಯಿತು, ಅದರಿಂದ ಇಂಗ್ಲಿಷಿನ ಕ್ಯಾಥ್ಲೀನ್. ಐರಿಷ್ ಸ್ಪೆಲ್ಲಿಂಗನ್ನು ಅಮೆರಿಕದವರು ಇಂಗ್ಲಿಷ್ ಲೆಕ್ಕದಲ್ಲಿ ಓದಿದಾಗ ಹುಟ್ಟಿದ್ದು ಕೇಟ್ಲಿನ್. ಬರೀ ತಪ್ಪು ಓದಿನಿಂದ ಒಂದು ಹೊಸ ಹೆಸರು! ಪೋಲೆಂಡಿನಲ್ಲಿ ಕತಜಿನಾ, ಮನೆಯಲ್ಲಿ ಕಾಶಾ. ಫಿನ್‌ಲೆಂಡಿನಲ್ಲಿ ಕೈಸಾ. ವೇಲ್ಸಿನಲ್ಲಿ ಕತ್ರಿನ್. ಹೌದು, ನಿಮ್ಮಜ್ಜಿಯ ಹೆಸರೇ, ಹೆಚ್ಚುಕಮ್ಮಿ ಅಕ್ಷರಕ್ಕೆ ಅಕ್ಷರ. ಹಿಂದಿ ಸಿನಿಮಾದಿಂದ ನಮಗೆ ಚೆನ್ನಾಗಿ ಪರಿಚಯವಿರುವ ಕತ್ರಿನಾ ಕೂಡ ಇದೇ ಬಳಗ.

ಡೆನ್ಮಾರ್ಕ್, ಸ್ವೀಡನ್ ಕಡೆ ನಡುವಿನ 'ತ' ಪೂರ್ತಿ ಕರಗಿಹೋಯಿತು. ಸ್ವೀಡನ್ನಿನಲ್ಲಿ ಕಾರಿನ್, ಡೆನ್ಮಾರ್ಕಿನಲ್ಲಿ ಕಾರೆನ್. ಅದೇ ಇಂಗ್ಲಿಷಿನವರ ಬಾಯಲ್ಲಿ ಕ್ಯಾರೆನ್. ಆದ್ದರಿಂದ ನಿಮ್ಮ ತಂಗಿಯ ಮಾತು ಸರಿ. ಆದರೆ ಅವರಿಗೆ ಒಂದು ವಿಷಯ ಗೊತ್ತಿರಲಿ. ಅಮೆರಿಕದಲ್ಲಿ 1965ರಲ್ಲಿ ಹುಟ್ಟಿದ ಹೆಣ್ಣುಮಕ್ಕಳ ಹೆಸರುಗಳಲ್ಲಿ ಕ್ಯಾರೆನ್‌ಗೆ ಮೂರನೇ ಸ್ಥಾನವಿತ್ತು. ಅಂದರೆ ಅಲ್ಲಿ ಅದು ಈಗ ಅಜ್ಜಿಯರ ಹೆಸರು. ಅಷ್ಟೇ ಅಲ್ಲ, 2020ರ ಸುಮಾರಿಗೆ ಅದು ಒಂದು ಬೈಗುಳವೂ ಆಗಿಬಿಟ್ಟಿತು. ಅಂಗಡಿಯಲ್ಲಿ ಸುಮ್ನೆ ಜಗಳ ತೆಗೆದು "ಮ್ಯಾನೇಜರನ್ನು ಕರೀರಿ" ಅನ್ನುವ ಹೆಂಗಸಿಗೆ ಅಲ್ಲಿ ಕ್ಯಾರೆನ್ ಅನ್ನುತ್ತಾರೆ. ಮಗು ದೊಡ್ಡದಾಗುವ ಹೊತ್ತಿಗೆ ಈ ಗೀಳು ಮರೆತುಹೋಗಬಹುದು, ಹೋಗದೆಯೂ ಇರಬಹುದು. ಹೊಸದು ಅಂತ ಇಡಲು ಹೊರಟದ್ದು ಇನ್ನೊಂದು ಊರಿನಲ್ಲಿ ಹಳೇದು ಅನ್ನುವುದಂತೂ ನಿಜ.

ಒಂದು ಎಚ್ಚರಿಕೆ. ಕೇಳಲು ಹತ್ತಿರ ಇರುವುದೆಲ್ಲ ನೆಂಟರಲ್ಲ. ನಿಮ್ಮ ಕಡೆಯ ಕಾರ್ಮಿನ್ ಬಾಯಿ ಈ ಮನೆಯವಳಲ್ಲ, ಅವಳ ಹೆಸರು ಬಂದದ್ದು ಕಾರ್ಮೆಲ್ ಬೆಟ್ಟದಿಂದ, ಹೀಬ್ರೂ ಮೂಲ.

ಈ ಹೆಸರಿನ ರಾಣಿಯರು ಬೇಕಾದಷ್ಟು. ಇಂಗ್ಲೆಂಡಿನ ಎಂಟನೇ ಹೆನ್ರಿಯ ಆರು ಹೆಂಡಿರಲ್ಲಿ ಮೂವರು ಕ್ಯಾಥರಿನ್‌ಗಳು. ರಷ್ಯದ ಇಬ್ಬರು ಮಹಾರಾಣಿ ಯೆಕತೆರೀನಾಗಳಂತೂ ವಿಚಿತ್ರ. ಇಬ್ಬರಿಗೂ ಅದು ಹುಟ್ಟಿದ ಹೆಸರಲ್ಲ! ಮೊದಲನೆಯವಳು ಮಾರ್ತಾ. ಎರಡನೆಯವಳು, 'ಮಹಾ' ಅನ್ನಿಸಿಕೊಂಡವಳು, ಜರ್ಮನ್ ಹುಡುಗಿ ಸೋಫಿ. ಸೋಫಿಯೂ ಗ್ರೀಕ್ ಹೆಸರೇ, ವಿವೇಕ ಅಂತ ಖಚಿತವಾದ ಅರ್ಥ ಇರುವಂಥದ್ದು. 1744ರಲ್ಲಿ ರಷ್ಯದ ಚರ್ಚಿಗೆ ಸೇರುವಾಗ ಅದನ್ನು ಬಿಟ್ಟು ಅರ್ಥವೇ ಗೊತ್ತಿಲ್ಲದ ಹೆಸರು ತೆಗೆದುಕೊಂಡಳು. ಆಗಿನ ಮಹಾರಾಣಿಯ ತಾಯಿಯ ಹೆಸರು ಅದು, ಅಷ್ಟು ಸಾಕಿತ್ತು.

ನಮಗೆ ಹತ್ತಿರದವಳು ಪೋರ್ಚುಗಲ್‌ನ ರಾಜಕುಮಾರಿ ಕತರೀನ. ಹುಟ್ಟಿದ್ದು 1638ರ ನವೆಂಬರ್ 25. ಹೆಸರಿಗೆ ಹುಡುಕಾಡುವ ಅಗತ್ಯವೇ ಇರಲಿಲ್ಲ. ಇಂಗ್ಲೆಂಡಿನ ಎರಡನೇ ಚಾರ್ಲ್ಸ್‌ನ ಜೊತೆ ಅವಳ ಮದುವೆಯ ಮಾತಾದಾಗ ಬರೆದ 1661ರ ಒಪ್ಪಂದದಲ್ಲಿ ಬಳುವಳಿಯಾಗಿ ಹೋದದ್ದು ಬೊಂಬಾಯಿ. ಏಳು ವರ್ಷದಲ್ಲಿ ಚಾರ್ಲ್ಸ್ ಅದನ್ನು ವರ್ಷಕ್ಕೆ 10 ಪೌಂಡು ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟುಬಿಟ್ಟ. ಅಂದರೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಗೋವಾ ಒಬ್ಬ ಕತರೀನಳ ಹಬ್ಬದ ದಿನ ಕೈ ಬದಲಾಯಿತು, ಮುಂಬಯಿ ಇನ್ನೊಬ್ಬ ಕತರೀನಳ ಮದುವೆಗೆ.

ಕೊನೆಗೆ ಕಾಗದದ ವಿಷಯ. ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲ ಅಕ್ಷರ 'ಕೆ'ಯೋ 'ಸಿ'ಯೋ, ನಡುವೆ 'ಎ'ಯೋ 'ಇ'ಯೋ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಎಲ್ಲವೂ ಸರಿ. ಕೇಂಬ್ರಿಜ್‌ನಲ್ಲಿ 1473ರಲ್ಲಿ ಶುರುವಾದ ಇದೇ ಸಂತಳ ಹೆಸರಿನ ಕಾಲೇಜು ನಡುವೆ 'ಎ' ಬರೆಯುತ್ತದೆ. ಆಕ್ಸ್‌ಫರ್ಡಿನ ಕಾಲೇಜು 'ಇ' ಬರೆಯುತ್ತದೆ. ಗ್ರೀಕ್ ಅಕ್ಷರಕ್ಕೆ ಹತ್ತಿರ 'ಕೆ', ಪೋರ್ಚುಗೀಸ್ ದಾರಿಗೆ ಹತ್ತಿರ 'ಸಿ'. ಯಾವುದನ್ನಾದರೂ ಹಿಡಿಯಿರಿ, ಆದರೆ ಜನನ ಪತ್ರ, ಚರ್ಚಿನ ಪುಸ್ತಕ, ಆಧಾರ್ ಮೂರರಲ್ಲೂ ಒಂದೇ ಇರಲಿ. ಒಂದು ಅಕ್ಷರ ಬದಲಾದರೂ ಮುಂದೆ ಪಾಸ್‌ಪೋರ್ಟ್ ಮಾಡಿಸುವಾಗ ಅಲೆದಾಟ ತಪ್ಪದು.

ನನ್ನನ್ನು ಕೇಳಿದರೆ, ಅಮ್ಮ ತಂಗಿ ಇಬ್ಬರಿಗೂ ಒಪ್ಪಿಗೆಯಾಗುವಂತೆ ಕಾಗದಕ್ಕೆ ಕತಾರಿನಾ ಇಡಿ. ಪೋರ್ಚುಗಲ್‌ನಲ್ಲಿ ಇವತ್ತಿಗೂ ಹುಡುಗಿಯರು ಇಟ್ಟುಕೊಳ್ಳುವ ಹೆಸರು ಅದು. ಮನೆಯಲ್ಲಿ ಕರೆಯಲು ರೀನಾ, ಕೇಟ್, ಕಾತ್ಯ ಯಾವುದಾದರೂ ಆಗುತ್ತದೆ. ಅಮ್ಮ ಬೇಕಾದರೆ ಕತ್ರಿನ್ ಅಂತಲೇ ಕರೆಯಲಿ. ಮಗು ಯಾವಾಗ ಹುಟ್ಟಿತು ಅಂತ ನೀವು ಬರೆದಿಲ್ಲ. ಹೆಸರಿನ ಹಬ್ಬಕ್ಕೆ ನವೆಂಬರ್ ದೂರ ಅನ್ನಿಸಿದರೆ ಇನ್ನೊಬ್ಬ ಸಂತ ಕ್ಯಾಥರಿನ್ ಇದ್ದಾಳೆ, ಇಟಲಿಯ ಸಿಯೆನಾ ಊರಿನವಳು. ಇವಳು ಚರಿತ್ರೆಯಲ್ಲಿ ನಿಜವಾಗಿ ಇದ್ದವಳು, ಪೋಪ್‌ಗೇ ಪತ್ರ ಬರೆಸಿ ರೋಮಿಗೆ ವಾಪಸ್ ಬಾ ಅಂತ ಒತ್ತಾಯಿಸಿದವಳು. ಅವಳ ಹಬ್ಬ ಏಪ್ರಿಲ್ 29.